ಉರಿಗಾಂ ಕಡೆಯಿಂದ ಕೇಳಿದ ಸಂಗು

ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ಬೂದಿಕೋಟೆ ಹತ್ತಿರದ ನಮ್ಮೂರಿನಲ್ಲಿ ಕೆರೆಕಟ್ಟೆಯ ಹುಣಸೆಮರದಲ್ಲಿ ಏನೋ ಇದೆ ಎಂದು ಹೆಂಗಸರು ಹೊತ್ತು ಮುಳುಗಿದ ಮೇಲೆ ಆ ದಾರಿ ಹಿಡಿಯುತ್ತಿರಲಿಲ್ಲ. ನಾನು ಹಾಲಿನ ಕ್ಯಾನು ಹಿಡಿದುಕೊಂಡು ಅದೇ ದಾರಿಯಲ್ಲಿ ಡೇರಿಗೆ ಹೋಗಿ, ಬರುವಾಗ ಬಿದ್ದ ಹುಣಸೆಕಾಯಿಯನ್ನು ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದೆ. ನನ್ನ ಗಂಡ ತೀರಿಕೊಂಡಾಗ ನಮ್ಮತ್ತೆ ದಿನಾ ಬೆಳಗ್ಗೆ, "ಕನಸ್ನಾಗಾದ್ರೂ ಬಂದ್ನೇನೇ?" ಎಂದು ಕೇಳುತ್ತಿದ್ದರು. ಒಂದು ದಿನವೂ ಬರಲಿಲ್ಲ. ಸತ್ತವರು ಸತ್ತರು, ಇದ್ದವರು ಇದ್ದೇವೆ, ನಡುವೆ ಬಾಗಿಲಿಲ್ಲ ಎಂದು ಆಗಲೇ ನನಗೆ ಖಾತ್ರಿಯಾಗಿತ್ತು. ಹಾಗಾಗಿ ಈಗ ಹೇಳುವುದನ್ನು ನೀವು ನಂಬಬೇಕೆಂದು ಹೇಳುತ್ತಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಗಂಡ ಹೋದ ಮೇಲೆ ನಾನು ಕೆಲಸಕ್ಕೆ ಸೇರಿದ್ದು ಮಕ್ಕಳ ಮನೆಯೊಂದರಲ್ಲಿ. ಬಂಗಾರಪೇಟೆಯಿಂದ ಕೆಜಿಎಫ್ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ, ಹೊಲಗಳ ನಡುವೆ ಇದೆ ಅದು. ಕ್ರೈಸ್ತರು ನಡೆಸುವ ಮನೆ. ಕಟ್ಟಿದ ಪಾಸ್ಟರು ತೀರಿಕೊಂಡು, ಅವರ ಹೆಂಡತಿ ನಡೆಸುತ್ತಿದ್ದರು. ಎಲ್ಲರೂ ಅವರನ್ನು ಪಾಸ್ಟರಮ್ಮ ಎನ್ನುತ್ತಿದ್ದೆವು. ನಾನು ಹಣೆಗೆ ವಿಭೂತಿ ಇಟ್ಟುಕೊಂಡೇ ಕೆಲಸ ಕೇಳಲು ಹೋಗಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡರೆ ಬೈತೀಯಾ?" ಇಲ್ಲ ಎಂದೆ. ಮಾರನೇ ದಿನದಿಂದ ಹದಿನಾಲ್ಕು ಹುಡುಗಿಯರಿಗೆ ನಾನು ಅಕ್ಕ.

ಅದು ನಾಲ್ಕು ದಿನ ಇಟ್ಟುಕೊಂಡು ಕಳಿಸುವ ಮನೆಯಲ್ಲ. ಪಾಸ್ಟರಮ್ಮ ಪ್ರತಿ ಹೊಸ ಮಗುವಿಗೂ ಅದರ ಮಂಚ ತೋರಿಸಿ, "ಇದು ನಿಂದು. ನೀನು ದೊಡ್ಡವಳಾದ ಮೇಲೂ ನಿಂದೇ. ಮದುವೆಯಾಗಿ ಹೋದರೂ ಇದೇ ನಿನ್ನ ತವರು" ಎನ್ನುತ್ತಿದ್ದರು. ಹಾಗೆಯೇ ನಡೆಸಿಕೊಂಡೂ ಬಂದಿದ್ದಾರೆ. ಇಲ್ಲಿ ಬೆಳೆದು ನರ್ಸ್ ಆದವಳು ಬಾಣಂತನಕ್ಕೆ ಇಲ್ಲಿಗೇ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸ್ಟೆಲ್ಲಾ ಬಂದಾಗ ಅವಳಿಗೆ ಆರು ವರ್ಷ. ಕರೆತಂದವನು ಅವಳ ಅಮ್ಮನ ಅಪ್ಪ, ಅರುಳಪ್ಪ ತಾತ. ಕೆಜಿಎಫ್‌ನ ಉರಿಗಾಂನಲ್ಲಿ, ಗಣಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯೊಂದರಲ್ಲಿ ಇಬ್ಬರೇ ಇದ್ದರು. ಮಗಳು ಹೆರಿಗೆಯಾದ ಎರಡನೇ ವರ್ಷಕ್ಕೆ ಸತ್ತಿದ್ದಳು, ಅಳಿಯ ಎಲ್ಲಿಗೋ ಹೊರಟುಹೋಗಿದ್ದ. ತಾತ ಚಿನ್ನದ ಗಣಿಯ ಆಳದಲ್ಲಿ ದುಡಿದವನು. ಗಣಿ ಮುಚ್ಚಿದ ಮೇಲೆ ಸಿಕ್ಕಿದ ಕೆಲಸ ಮಾಡಿಕೊಂಡಿದ್ದ. ಈಗ ಅದೂ ಆಗುತ್ತಿರಲಿಲ್ಲ. ಕಲ್ಲಿನ ಧೂಳು ಎದೆ ಸೇರಿತ್ತು. ನಮ್ಮ ಗೇಟಿನಿಂದ ವರಾಂಡಕ್ಕೆ ಬರುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡ.

ಮಗು ಅವನ ಪಂಚೆ ಬಿಡಲಿಲ್ಲ. ಆಗ ಅವನು ಕುಕ್ಕರಗಾಲಿನಲ್ಲಿ ಕೂತು ಅವಳಿಗೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ಪಾಪಾ, ತಾತಾಗೆ ಶಿಫ್ಟ್ ಇದೆ. ಕೆಳಗಡೆ ಓಗ್ಬೇಕು. ಈ ಸಲ ದೊಡ್ಡ ಶಿಫ್ಟು. ಸಂಗು ಊದಿದ್ರೆ ತಾತಾ ಮೇಲೆ ಬಂದ್ಬಿಟ್ಟೆ ಅಂತ ಅರ್ಥ. ಆವಾಗ ಬಂದು ಕರ್ಕೊಂಡೋಗ್ತೀನಿ." ಸಂಗು ಎಂದರೆ ಗಣಿಯ ಸೈರನ್. ಅಲ್ಲಿನ ತಮಿಳರು ಅದನ್ನು ಹಾಗೇ ಕರೆಯುವುದು. ಮಗು ತಲೆಯಾಡಿಸಿ, ಪಂಚೆ ಬಿಟ್ಟಿತು.

ಅವನನ್ನು ಗೇಟಿನವರೆಗೆ ಬಿಡಲು ಹೋದವಳು ಕೇಳಿಯೇಬಿಟ್ಟೆ, "ಅಲ್ಲ ತಾತ, ಗಣಿ ಮುಚ್ಚಿ ಎಷ್ಟು ವರ್ಷ ಆಯ್ತು. ಆ ಕೂಸಿಗೆ ಯಾಕಿಂಗೆ ಸುಳ್ಳು ಏಳ್ದೆ?"

ಅವನು ಗೇಟಿನ ಕಂಬ ಹಿಡಿದುಕೊಂಡು ಹೇಳಿದ, "ಇನ್ನೇನು ಏಳ್ಲಿ ಅಮ್ಮಾ? ಬರಲ್ಲ ಅಂದ್ರೆ ಅಳ್ತಾಳೆ. ಸಂಗು ಊದಲ್ಲ, ಅವ್ಳು ಕೇಳಲ್ಲ. ಕಾಯ್ತಾ ಕಾಯ್ತಾ ದೊಡ್ಡೋಳಾಗ್ಬಿಡ್ತಾಳೆ."

ತಿಂಗಳ ಮೊದಲ ಭಾನುವಾರ ಅವನು ನೋಡಲು ಬರುತ್ತಿದ್ದ. ಭಾನುವಾರ ಗಣಿಗೆ ರಜ ಎಂದು ಮಗುವಿಗೆ ಹೇಳಿಕೊಂಡಿದ್ದ. ಬರುವಾಗ ಬಟಾಣಿ, ಕಡಲೆ ಮಿಠಾಯಿ. ಬಾಯಿಗೆ ಎರಡು ಕೈ ಜೋಡಿಸಿ ಸಂಗು ಹೇಗೆ ಊದುತ್ತದೆ ಎಂದು ಅವಳಿಗೆ ಮಾಡಿ ತೋರಿಸುತ್ತಿದ್ದ. ಅರ್ಧಕ್ಕೇ ಕೆಮ್ಮು ಬರುತ್ತಿತ್ತು. ಅವಳು ನಗುತ್ತಿದ್ದಳು. ಉಳಿದ ದಿನಗಳಲ್ಲಿ ಅವಳು ನಮ್ಮೊಡನೆ ಚೆನ್ನಾಗಿಯೇ ಇದ್ದಳು. ಉಣ್ಣುತ್ತಿದ್ದಳು, ಆಡುತ್ತಿದ್ದಳು, ಕನ್ನಡ ಅಕ್ಷರ ಕಲಿತಳು. ಒಂದು ಮಾತ್ರ. ಪಾಸ್ಟರಮ್ಮ ಎಷ್ಟು ಹೇಳಿದರೂ ತನ್ನ ಬಟ್ಟೆಗಳನ್ನು ಕಪಾಟಿನಲ್ಲಿ ಇಡಲಿಲ್ಲ. ಬಂದ ದಿನ ತಂದ ಕೈಚೀಲದಲ್ಲೇ ಮಡಿಸಿ ಮಂಚದ ಕೆಳಗಿಡುತ್ತಿದ್ದಳು.

ಮರುವರ್ಷ ತಾತ ಎರಡು ಭಾನುವಾರ ಬರಲಿಲ್ಲ. ಆಮೇಲೊಂದು ಗುರುವಾರ ಸಾಯಂಕಾಲ ಆಫೀಸಿಗೆ ಫೋನು ಬಂತು. ಉರಿಗಾಂನಿಂದ, ತಾತನ ಪಕ್ಕದ ಮನೆಯ ರಾಣಿಯಮ್ಮ. "ತಾತಾಗೆ ಮೈಯಲ್ಲಿ ಸರಿ ಇಲ್ಲಮ್ಮಾ. ಪಾಪಾನ ಒಂದ್ಸಲ ಕರ್ಕೊಂಡ್ ಬಂದು ತೋರ್ಸಿ ಅಂತ ಒಂದೇ ಸಮ ಕೇಳ್ತಾವ್ರೆ."

ಪಾಸ್ಟರಮ್ಮ ಆಗ ಕಣ್ಣಿನ ಆಪರೇಷನ್ನಿಗೆಂದು ವೆಲ್ಲೂರಿಗೆ ಹೋಗಿದ್ದರು. ಅವರಿಗೆ ಹೇಳದೆ ಯಾವ ಮಗುವನ್ನೂ ಗೇಟು ದಾಟಿಸಬಾರದು ಎಂಬುದು ನಮ್ಮ ಮನೆಯ ನಿಯಮ. ಅದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಹಬ್ಬಕ್ಕೆಂದು ಚಿಕ್ಕಪ್ಪ ಕರೆದುಕೊಂಡು ಹೋದ ಹುಡುಗಿ ವಾಪಸು ಬಂದಿರಲಿಲ್ಲ. ಆದರೂ ಪಾಸ್ಟರಮ್ಮನಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳಿದ್ದರೆ ಖಂಡಿತ ಹೂಂ ಎನ್ನುತ್ತಿದ್ದರು. ಕಣ್ಣು ಕೊಯ್ಯಿಸಿಕೊಂಡು ಮಲಗಿರುವವರಿಗೆ ಯಾಕೆ ತೊಂದರೆ, ಭಾನುವಾರ ಅವರೇ ಬರುತ್ತಾರೆ, ಇನ್ನು ಮೂರು ದಿನ ತಾನೇ ಎಂದುಕೊಂಡೆ. "ಭಾನ್ವಾರ ನಾನೇ ಕರ್ಕೊಂಡ್ ಬತ್ತೀನಿ ಅಂತ ತಾತಂಗೆ ಏಳಮ್ಮ" ಎಂದು ಫೋನಿಟ್ಟೆ. ಸ್ಟೆಲ್ಲಾಗೆ ಏನೂ ಹೇಳಲಿಲ್ಲ. ಸುಮ್ಮನೆ ಅಳಿಸುವುದು ಯಾಕೆ ಎಂದು.

ಶನಿವಾರ. ಊಟ ಮುಗಿದು ಎರಡು ಗಂಟೆಯ ಹೊತ್ತು. ಮಕ್ಕಳು ಒಳಗೆ ಮಲಗಿದ್ದರು, ಕೆಲವರು ವರಾಂಡದಲ್ಲಿ ಕಲ್ಲಾಟ ಆಡುತ್ತಿದ್ದರು. ಅಡುಗೆಯ ಮುನಿಯಮ್ಮ ಹಿತ್ತಲಲ್ಲಿ ರಾಗಿ ಕೇರುತ್ತಿದ್ದಳು. ನಾನು ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ ತಂತಿಯ ಮೇಲೆ ಒಗೆದ ದುಪ್ಪಟಿ ಹರವುತ್ತಿದ್ದೆ. ಒಳ್ಳೆ ಬಿಸಿಲು. ಗಾಳಿ ಇರಲಿಲ್ಲ.

ಆಗ ಆ ಸದ್ದು ಕೇಳಿಸಿತು. ಶುರುವಾದದ್ದು ತೀರಾ ತಗ್ಗಿನಲ್ಲಿ. ಮೊದಲು ಕಿವಿಗಿಂತ ಅಂಗಾಲಿಗೆ ತಿಳಿಯಿತು ಎಂದರೆ ಸರಿ. ನಿಧಾನವಾಗಿ ಏರಿತು, ಏರಿ ಅಲ್ಲೇ ನಿಂತಿತು, ಉದ್ದಕ್ಕೆ, ಒಂದೇ ಸಮನೆ. ನಾನು ಒದ್ದೆ ದುಪ್ಪಟಿ ಹಿಡಿದುಕೊಂಡೇ ನಿಂತೆ. ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ರೈಲು ಎಂದುಕೊಂಡೆ. ಆದರೆ ಮಾರಿಕುಪ್ಪಂ ಕಡೆಗೆ ಹೋಗುವ ರೈಲಿನ ಕೂಗು ನನಗೆ ದಿನಾ ಕೇಳಿ ಗೊತ್ತು, ಇದು ಅದಲ್ಲ. ಇದು ಉರಿಗಾಂ ದಿಕ್ಕಿನಿಂದ ಬರುತ್ತಿತ್ತು. ಹತ್ತು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಇದ್ದಿರಬೇಕು. ಆಮೇಲೆ ಏರಿದಂತೆಯೇ ಇಳಿದು ನಿಂತಿತು. ಗೋಡೆಯ ಮೇಲೆ ಕೂತಿದ್ದ ಕಾಗೆ ಕೂತೇ ಇತ್ತು. ಮುನಿಯಮ್ಮನ ಮೊರ ಒಂದು ಸಲವೂ ನಿಲ್ಲಲಿಲ್ಲ.

"ಅದೇನ್ ಮುನಿಯಮ್ಮ ಆ ಕೂಗು?" ಎಂದೆ.

"ಯಾವ ಕೂಗು? ನಂಗೇನೂ ಕೇಳಿಸ್ಲಿಲ್ವಲ್ಲ" ಎಂದು ಅವಳು ಮತ್ತೆ ಮೊರಕ್ಕೆ ಕೈ ಹಾಕಿದಳು.

ಆ ಮಾತು ಮುಗಿಯುವುದಕ್ಕೂ ಸ್ಟೆಲ್ಲಾ ಹಿತ್ತಲ ಬಾಗಿಲಿಗೆ ಓಡಿಬರುವುದಕ್ಕೂ ಸರಿಹೋಯಿತು. ಕೈಯಲ್ಲಿ ಆ ಚೀಲ. ಕಾಲಲ್ಲಿ ಚಪ್ಪಲಿಯೂ ಇಲ್ಲ. "ಅಕ್ಕಾ! ಸಂಗು ಊದಿಚ್ಚು! ಸಂಗು ಊದ್ತು ಅಕ್ಕಾ! ತಾತಾ ಮೇಲೆ ಬಂದ್ಬಿಟ್ರು!"

ಅವಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಿಂತುಹೋದ ಸಂಗು ಅದು. ನಾನೂ ಜನ್ಮದಲ್ಲಿ ಕೇಳಿದವಳಲ್ಲ. ಅದು ಬರೀ ನನ್ನ ಕಿವಿಯ ದೋಷವಾಗಿದ್ದರೆ, ಆ ಕೂಸಿಗೆ ಹೇಗೆ ತಿಳಿಯಿತು? ಮಕ್ಕಳನ್ನು ನೋಡಿಕೊಳ್ಳಲು ಮುನಿಯಮ್ಮನಿಗೆ ಹೇಳಿ, ಚಪ್ಪಲಿ ಹಾಕಿಸಿ, ಮಗುವಿನ ಕೈ ಹಿಡಿದು ರಸ್ತೆಗೆ ಬಂದೆ. ನಿಯಮ ನೆನಪಾಗಲಿಲ್ಲ. ಗುರುವಾರ ಅಷ್ಟು ಗಟ್ಟಿಯಾಗಿ ನೆನಪಿದ್ದ ನಿಯಮ!

ಆಟೋದಲ್ಲಿ ಅವಳು ನನ್ನ ಪಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಸಣ್ಣಗೆ ಕೇಳಿದಳು, "ಅಕ್ಕಾ, ನಿನಗೂ ಕೇಳಿಸ್ತಾ?"

"ಕೇಳಿಸ್ತು ಕಣಮ್ಮ" ಎಂದೆ.

ಅವಳು ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ಕಣ್ಣು ಇಷ್ಟಗಲವಾಗಿದ್ದವು. ಸಂತೋಷ ಎಂದುಕೊಂಡೆ ನಾನು.

ಗಣಿಯ ಮಣ್ಣಿನ ದಿಬ್ಬಗಳನ್ನು ದಾಟಿ ಲೈನ್ ಮನೆಗಳ ಹತ್ತಿರ ಇಳಿದಾಗ ದೂರದಿಂದಲೇ ತಿಳಿಯಿತು. ಬಾಗಿಲ ಮುಂದೆ ನಾಲ್ಕೈದು ಜನ ನಿಂತಿದ್ದರು. ಒಬ್ಬರು ಎದುರುಮನೆಯಿಂದ ಬೆಂಚು ಹೊತ್ತು ತರುತ್ತಿದ್ದರು. ರಾಣಿಯಮ್ಮ ನನ್ನನ್ನು ನೋಡಿ ಎದೆ ಬಡಿದುಕೊಂಡಳು. "ಈವಾಗ ಬಂದ್ಯಾಮ್ಮಾ? ಈವಾಗ ಬಂದ್ಯಾ?" ಎಂದಳು. ಅದಕ್ಕಿಂತ ಹೆಚ್ಚು ಬೈದಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ.

ಆಮೇಲೆ ಅವಳೇ ಹೇಳಿದಳು. ಎರಡು ದಿನದಿಂದ ಮಂಚದಿಂದ ಏಳದಿದ್ದ ತಾತ ಅವತ್ತು ಮಧ್ಯಾಹ್ನ ಎದ್ದು ಕೂತನಂತೆ. ಮುಖ ಒರೆಸಿಸಿಕೊಂಡ. ಇಸ್ತ್ರಿ ಮಾಡಿದ ಶರಟು ಕೇಳಿದ. "ಟೈಮ್ ಆಯ್ತು, ಪಾಪಾನ ಕರ್ಕೊಂಡ್ ಬರ್ಬೇಕು" ಎಂದು ತಾನೇ ಗುಂಡಿ ಹಾಕಿಕೊಳ್ಳತೊಡಗಿದ. ಎರಡು ಗುಂಡಿ ಹಾಕಿದ. ಮೂರನೆಯದಕ್ಕೆ ಕೈ ಹಾಗೇ ನಿಂತಿತು. ಎಷ್ಟು ಹೊತ್ತಿಗೆ ಎಂದು ಕೇಳಿದೆ. ಗಡಿಯಾರ ನೋಡಲಿಲ್ಲ, ಸ್ಕೂಲು ಬಿಟ್ಟು ಹುಡುಗರು ಬಂದು ಉಂಡು ಮಲಗಿದ ಹೊತ್ತು, ಎರಡೋ ಎರಡೂಕಾಲೋ ಇರಬೇಕು ಎಂದಳು.

ಸ್ಟೆಲ್ಲಾ ಹೊಸ್ತಿಲಲ್ಲೇ ನಿಂತು ಒಳಗೆ ನೋಡಿದಳು. ಒಂದು ಕ್ಷಣ ಅಷ್ಟೇ. ಆಮೇಲೆ, "ಅದು ತಾತಾ ಅಲ್ಲ. ತಾತಾ ಈವಾಗ ಮೇಲೆ ಬರ್ತಾ ಇದಾರೆ" ಎಂದು ತಿರುಗಿ ಓಡಿದಳು. ನಾನು ಹಿಂದೆ ಓಡಿದೆ. ಲೈನಿನ ಕೊನೆಯಲ್ಲಿ, ಗಣಿಗೆ ಇಳಿಯುತ್ತಿದ್ದ ಹಳೆಯ ಶಾಫ್ಟಿನ ಆವರಣಕ್ಕೆ ಬೀಗ ಹಾಕಿದ ಗೇಟಿದೆ. ಒಳಗೆ ಜಾಲಿ ಬೆಳೆದು, ಆಚೆಗೆ ತುಕ್ಕು ಹಿಡಿದ ಕಬ್ಬಿಣದ ಗೋಪುರ ನಿಂತಿದೆ. ಅವಳು ಎರಡು ಕೈಯಲ್ಲೂ ಗೇಟಿನ ಸರಳು ಹಿಡಿದು ಒಳಗೆ ನೋಡುತ್ತಾ ನಿಂತಳು.

ನಾನು ಪಕ್ಕದಲ್ಲಿ ಮಣ್ಣಿನ ಮೇಲೆ ಕೂತೆ. ಹೇಗೆ ಹೇಳಬೇಕೋ ತಿಳಿಯದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗಣಿ ಮುಚ್ಚಿ ತುಂಬ ವರ್ಷ ಆಯಿತಮ್ಮ. ಒಳಗೆ ಯಾರೂ ಇಲ್ಲ. ಬರೀ ನೀರು ತುಂಬಿದೆ. ತಾತ ಕೆಳಗೆ ಹೋಗಿರಲಿಲ್ಲ, ಮನೆಯಲ್ಲೇ ಇದ್ದರು. ಅವರಿಗೆ ಮೈ ಚೆನ್ನಾಗಿರಲಿಲ್ಲ. ನೀನು ಅಳಬಾರದು ಅಂತ ಹಾಗೆ ಹೇಳಿದ್ದರು.

ಅವಳು ತಿರುಗಲಿಲ್ಲ. "ಸಂಗು ಊದ್ತಲ್ಲ ಅಕ್ಕಾ. ನೀನೂ ಕೇಳಿಸ್ತು ಅಂದ್ಯಲ್ಲ" ಎಂದಳು.

ಕೇಳಿಸಲಿಲ್ಲ ಎಂದುಬಿಟ್ಟಿದ್ದರೆ ಅವಳು ಬರುತ್ತಿದ್ದಳೋ ಏನೋ. ಬಾಯಿ ಬರಲಿಲ್ಲ. ಇಬ್ಬರೂ ಅಲ್ಲೇ ಕಾದೆವು. ಹೌದು, ನಾನೂ ಕಾದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಜಾಲಿಯ ನಡುವಿನಿಂದ ಯಾರಾದರೂ ನಡೆದು ಬಂದಾರೇನೋ ಎಂದು ನಾನೂ ಕಣ್ಣಿಟ್ಟು ನೋಡಿದೆ. ಮೇಕೆಯೊಂದು ಬೇಲಿಯ ಸಂದಿನಲ್ಲಿ ನುಗ್ಗಿ ಸೊಪ್ಪು ಮೇಯ್ದು ಹೋಯಿತು. ಬಿಸಿಲು ಇಳಿಯಿತು. ರಾಣಿಯಮ್ಮ ಎರಡು ಸಲ ಬಂದು ಕರೆದು ಹೋದಳು.

ಕೊನೆಗೆ ಸ್ಟೆಲ್ಲಾ ಸರಳಿನಿಂದ ಕೈ ತೆಗೆದಳು. ಅಂಗೈಗೆಲ್ಲ ತುಕ್ಕು ಹತ್ತಿತ್ತು. "ಅಕ್ಕಾ, ಅದು ಬೇರೆಯವರ ತಾತಾಗೆ ಊದಿದ್ದು ಅನ್ಸುತ್ತೆ" ಎಂದಳು. "ನಮ್ ತಾತಾದು ಮುಂದಿನ ಶಿಫ್ಟು."

ಎತ್ತಿಕೊಂಡೆ. ಏಳು ವರ್ಷದ ಹುಡುಗಿ, ಭಾರವೇ ಇರಲಿಲ್ಲ. ನನ್ನ ಹೆಗಲ ಮೇಲೆ ಮುಖವಿಟ್ಟು, ಮನೆಯ ಬಾಗಿಲು ಬರುವವರೆಗೂ ಅಳಲಿಲ್ಲ. ಬಾಗಿಲು ಬಂದ ಮೇಲೆ ಅತ್ತದ್ದನ್ನು ನಾನು ಇಲ್ಲಿ ಹೇಳಲಾರೆ.

ಮಾರನೇ ದಿನ ಭಾನುವಾರ, ನಾನು ಕರೆದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟಿದ್ದ ದಿನ, ತಾತನನ್ನು ಮಣ್ಣು ಮಾಡಿದರು. ಪಾಸ್ಟರಮ್ಮ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ವೆಲ್ಲೂರಿನಿಂದ ನೇರವಾಗಿ ಅಲ್ಲಿಗೇ ಬಂದರು. ರಾತ್ರಿ ಅವರಿಗೆ ಎಲ್ಲ ಹೇಳಿದೆ, ಗುರುವಾರದ ಫೋನಿನಿಂದ ಹಿಡಿದು. ಬೈಯುತ್ತಾರೆ ಎಂದು ಕಾದೆ, ಬೈದರೆ ಹಗುರಾಗುತ್ತಿತ್ತು. ಅವರು ನನ್ನ ಕೈ ಹಿಡಿದುಕೊಂಡರು. ಸಂಗಿನ ವಿಷಯಕ್ಕೆ ಮಾತ್ರ, "ನಿನಗೆ ಕೇಳಿಸಿತು ಅಂದರೆ ಕೇಳಿಸಿರಬೇಕು. ನನಗೆ ಅರ್ಥವಾಗದ್ದು ಬೇಕಾದಷ್ಟಿದೆ" ಎಂದರು.

ನಾನು ವಿಚಾರಿಸದೆ ಬಿಡಲಿಲ್ಲ. ಯಾವುದಾದರೂ ಕಾರ್ಖಾನೆಯ ಸೈರನ್ ಇರಬಹುದೇ ಎಂದು ಆ ಕಡೆಯವರನ್ನೆಲ್ಲ ಕೇಳಿದೆ. ಆ ಹೊತ್ತಿಗೆ ಊದುವಂಥದ್ದು ಯಾವುದೂ ಇಲ್ಲ ಎಂದರು. ಎಷ್ಟೋ ಶನಿವಾರ ಅದೇ ತಂತಿಯ ಕೆಳಗೆ ನಿಂತು ಕಿವಿಗೊಟ್ಟೆ. ರೈಲು, ಆಟೋ, ಮಕ್ಕಳ ಗಲಾಟೆ, ಅಷ್ಟೇ. ಕೆಜಿಎಫ್‌ನ ಕೋರಮಂಡಲ್ ಬಡಾವಣೆಯಲ್ಲಿ, ಗಣಿಯಲ್ಲಿ ತಾತನ ಜೊತೆ ದುಡಿದ ಮುದುಕರೊಬ್ಬರು ಸಿಕ್ಕರು. ಸದ್ದು ಹೇಗಿತ್ತೆಂದು ಹೇಳಿದೆ. ಅವರು ಕೇಳಿದರು, "ಬಿಟ್ಟು ಬಿಟ್ಟು ಊದ್ತಾ, ಒಂದೇ ಸಲ ಉದ್ದಕ್ಕಾ?" ಒಂದೇ ಸಲ ಎಂದೆ. "ಆಕ್ಸಿಡೆಂಟ್ ಆದ್ರೆ ಬಿಟ್ಟು ಬಿಟ್ಟು ಊದ್ತಿದ್ರು ಅಮ್ಮಾ. ಉದ್ದಕ್ಕೆ ಊದಿದ್ರೆ ಶಿಫ್ಟ್ ಮುಗೀತು, ಮೇಲೆ ಬನ್ನಿ ಅಂತ." ಅಷ್ಟು ಹೇಳಿ ಅವರು ಟೀ ಕುಡಿದರು.

ಇಷ್ಟಾದರೂ ನನಗೊಂದು ಸಮಾಧಾನವಿತ್ತು. ನನಗೊಬ್ಬಳಿಗೇ ಕೇಳಿದ್ದಲ್ಲ, ಮಗುವಿಗೂ ಕೇಳಿಸಿತ್ತು. ಅಂದಮೇಲೆ ಏನೋ ಒಂದು ಇದ್ದಿರಲೇಬೇಕು. ವರ್ಷಗಟ್ಟಲೆ ಈ ಒಂದು ಮಾತಿಗೆ ಜೋತುಬಿದ್ದಿದ್ದೆ. ಸ್ಟೆಲ್ಲಾ ಮತ್ತೆ ಆ ಸುದ್ದಿ ಎತ್ತಲಿಲ್ಲ. ಬೆಳೆದಳು. ಈಗ ಅವಳಿಗೆ ಹದಿನಾರು, ಬಂಗಾರಪೇಟೆಯಲ್ಲಿ ಪಿಯುಸಿ ಓದುತ್ತಿದ್ದಾಳೆ. ನನಗಿಂತ ಒಂದು ಗೇಣು ಎತ್ತರ.

ಕಳೆದ ಡಿಸೆಂಬರಿನಲ್ಲಿ ಒಂದು ಸಂಜೆ ಇಬ್ಬರೂ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ತಲೆ ಎತ್ತದೆಯೇ ಅವಳು ಹೇಳಿದಳು, "ಅಕ್ಕಾ, ನಿನಗೆ ಒಂದು ಹೇಳ್ಬೇಕು. ಬೈಬಾರ್ದು. ತಾತ ಹೋದ ದಿನ ನನಗೆ ಸಂಗು ಕೇಳಿಸಿರ್ಲಿಲ್ಲ."

ಸುಲಿಯುತ್ತಿದ್ದ ಕಾಯಿಯನ್ನು ಮಡಿಲಿಗೆ ಹಾಕಿಕೊಂಡು ಅವಳ ಕಡೆ ತಿರುಗಿದೆ.

"ಗುರುವಾರ ನೀನು ಫೋನಲ್ಲಿ ಮಾತಾಡಿದ್ದು ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡಿದ್ದೆ. ತಾತಾನ ನೋಡ್ಲೇಬೇಕು ಅನ್ನಿಸ್ತು. ಭಾನುವಾರದ ತನಕ ತಡೆಯೋಕಾಗ್ಲಿಲ್ಲ. ಸಂಗು ಊದ್ತು ಅಂತ ಹೇಳಿದ್ರೆ ಕಳಿಸ್ತೀರೇನೋ ಅಂತ ಸುಳ್ಳು ಹೇಳ್ದೆ. ನೀನು ಬೈತೀಯ ಅನ್ಕೊಂಡಿದ್ದೆ. ಆದ್ರೆ ಆಟೋದಲ್ಲಿ ನೀನು 'ಕೇಳಿಸ್ತು' ಅಂದೆ ನೋಡು, ಆವಾಗ ನನಗೆ ಭಯ ಆಯ್ತು. ನಿಜವಾಗ್ಲೂ ಊದಿರ್ಬೇಕು, ನನಗೇ ಕೇಳಿಸಿಲ್ಲ ಅನ್ಕೊಂಡೆ. ಅದಕ್ಕೇ ಅಲ್ವಾ ಗೇಟಿನ ಹತ್ರ ಓಡಿದ್ದು."

ಒಂದು ಕಾಯಿ ಸುಲಿದು ಕಾಳು ಹಾಕಿದಳು. ಆಮೇಲೆ ನನ್ನ ಕಡೆ ನೋಡಿ ನಕ್ಕಳು. ಅವಳ ಕಣ್ಣು ಒದ್ದೆಯಾಗಿದ್ದವು. "ದೊಡ್ಡವಳಾದ ಮೇಲೆ ಗೊತ್ತಾಯ್ತು. ನನ್ನ ಸಮಾಧಾನಕ್ಕೆ ಅಂತ ನೀನೂ ಸುಳ್ಳು ಹೇಳಿದ್ದೆ, ಅಲ್ವಾ ಅಕ್ಕಾ?"

ಆ ಹುಡುಗಿಗೆ ಆ ಹೊತ್ತಿನಲ್ಲಿ ಏನು ಹೇಳಬೇಕಿತ್ತೋ ನೀವೇ ಹೇಳಿ. ಒಂಬತ್ತು ವರ್ಷ ಅದನ್ನು ಒಳಗಿಟ್ಟುಕೊಂಡು, ಈಗ ಹೇಗೋ ಇಳಿಸಿ ಹಗುರಾಗಿದ್ದಳು. "ಹೂಂ ಕಣೇ" ಎಂದೆ. ಅವಳು ಎದ್ದು ಬಂದು, ಸಿಪ್ಪೆಯ ಕೈಯಲ್ಲೇ ನನ್ನ ಕತ್ತು ತಬ್ಬಿಕೊಂಡಳು.

ನಾನು ಸುಳ್ಳು ಹೇಳಿದ್ದು ಹಾಗೆ ಹೂಂ ಎಂದಾಗ. ಆಟೋದಲ್ಲಿ ಅಲ್ಲ. ಆ ಮಧ್ಯಾಹ್ನ ನನಗೆ ಸಂಗು ಕೇಳಿಸಿತ್ತು. ಅದನ್ನು ಊದಿದವರು ಯಾರೋ, ಹಂಬಲಿಸಿ ಕಾದಿದ್ದ ಮಗುವಿಗೆ ಕೇಳಿಸದೆ ನನಗೊಬ್ಬಳಿಗೇ ಯಾಕೆ ಕೇಳಿಸಿತೋ ನನಗೆ ಗೊತ್ತಿಲ್ಲ. ಕರೆಯುವುದಕ್ಕೇ ಊದಿದ್ದಾದರೆ ಗುರುವಾರವೇ ಊದಬಹುದಿತ್ತು. ಆವತ್ತು ನಾನು ಫೋನಿಟ್ಟು ಎಷ್ಟೋ ಹೊತ್ತು ಆಫೀಸಿನಲ್ಲೇ ನಿಂತಿದ್ದೆ. ಹೊರಗೆಲ್ಲ ನಿಶ್ಶಬ್ದವಾಗಿತ್ತು.